ಆಂಟಿ ನೋಡದ ಕ್ಯೋಟೋ

ಕಳೆದ ವಾರ ಕಲ್ಲಾಂಗ್‌ನ ಅಂಗಡಿಯೊಂದರಲ್ಲಿ ಜಪಾನಿನ ಊದುಬತ್ತಿ ಹಚ್ಚಿಟ್ಟಿದ್ದರು. ಮೂಗಿಗೆ ಅಡರುವ ಘಮವಲ್ಲ. ಒಣಮರ ಸುಟ್ಟಂಥ ತೆಳು ವಾಸನೆ. ಕ್ಯೋಟೋದ ಹಳೆಯ ದೇವಾಲಯಗಳ ವಾಸನೆ. ಆರಿಸಿಕೊಂಡ ಸಾಮಾನನ್ನು ಅಲ್ಲೇ ಇಟ್ಟು ಹೊರಬಂದೆ.

ಹತ್ತು ವರ್ಷದ ಹಿಂದೆ ಟ್ಯಾಂಪಿನೀಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನ ಆಂಟಿಯೊಬ್ಬರಿದ್ದರು. ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗದೆ, ಈ ಪರದೇಶದಲ್ಲೇ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿ ಒಬ್ಬರೇ ಇದ್ದರು. ಶರತ್ಕಾಲದಲ್ಲಿ ಕ್ಯೋಟೋದ ದೇವಾಲಯಗಳನ್ನು ನೋಡಬೇಕು ಎನ್ನುವುದೊಂದೇ ಅವರಿಗಿದ್ದ ಹುಚ್ಚು.

"ಇಲ್ಲಿ ವರ್ಷವಿಡೀ ಹಸಿರೇ ಕಣೇ. ಎಲೆ ಕೆಂಪಾಗಿ ಉದುರೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು," ಎನ್ನುತ್ತಿದ್ದರು.

ಮಂಡಿನೋವಿನಿಂದಾಗಿ ಒಬ್ಬರೇ ಹೋಗುವಂತಿರಲಿಲ್ಲ. ನಾನು ಜೊತೆಗೆ ಬರುತ್ತೇನೆ ಎಂದಿದ್ದೆ. ಎರಡು ವರ್ಷ, ಭಾನುವಾರದ ಸಂಜೆಗಳಲ್ಲಿ ನಮ್ಮ ಕಟ್ಟಡದ ಬುಡದಲ್ಲಿ ತೆರೆದಿರುವ ವಾಯ್ಡ್ ಡೆಕ್‌ನ ಬೆಂಚಿನಲ್ಲಿ ಕೂತು ಪ್ಲ್ಯಾನ್ ಮಾಡಿದೆವು. ಅವರ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಯಾವ ದೇವಾಲಯಕ್ಕೆ ಯಾವ ಬಸ್ಸು, ಎಲ್ಲಿ ಮೆಟ್ಟಿಲು ಜಾಸ್ತಿ, ಎಲ್ಲಿ ಕೂರಲು ಜಾಗವಿದೆ...

ಎರಡನೇ ವರ್ಷದ ನವೆಂಬರಿನಲ್ಲಿ ರಾಫೆಲ್ಸ್ ಪ್ಲೇಸ್‌ನ ನನ್ನ ಆಫೀಸಿನ ಗೆಳತಿಯರು ಕ್ಯೋಟೋಗೆ ಹೊರಟರು. ನಾನೂ ಟಿಕೆಟ್ ಬುಕ್ ಮಾಡಿದೆ. ಆಂಟಿ ಬಂದರೆ ನಿಧಾನವಾಗುತ್ತದೆ ಅನ್ನಿಸಿತ್ತು... ಅಷ್ಟೇ ಕಾರಣ. ನೋಟ್‌ಬುಕ್ಕಿನ ಪುಟಗಳನ್ನು ಅವರಿಗೆ ಗೊತ್ತಾಗದಂತೆ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಟೋಕಿಯೋದಲ್ಲಿ ಆಫೀಸ್ ಟ್ರೇನಿಂಗ್ ಇದೆ ಎಂದು ಸುಳ್ಳು ಹೇಳಿದೆ.

"ಚಳಿ ಇರುತ್ತಮ್ಮ," ಎಂದು ತಮ್ಮ ಉಣ್ಣೆಯ ಶಾಲನ್ನು ಅವರೇ ನನ್ನ ಸೂಟ್‌ಕೇಸಿಗೆ ತುಂಬಿದರು.

ಅವರು ಬರೆದಿದ್ದ ಒಂದು ಸಾಲೂ ತಪ್ಪಿರಲಿಲ್ಲ. ಬೆಟ್ಟದ ಮೇಲಿನ ಗುಡಿ, ಪಾಚಿಯ ಮೇಲೆ ಬಿದ್ದ ಕೆಂಪೆಲೆ, ಕಾಲುಚೀಲದೊಳಗೂ ತಣ್ಣಗೆ ತಾಗುವ ಮರದ ಜಗಲಿ... 'ಇಲ್ಲಿ ಹತ್ತು ನಿಮಿಷ ಕೂತ್ಕೋಬಹುದು' ಎಂದು ಆಂಟಿ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದಾಗ ಗೆಳತಿಯರು ನಕ್ಕರು. ನಾನೂ ನಕ್ಕೆ.

ಅವರಲ್ಲೊಬ್ಬಳು ಫೋಟೋಗಳನ್ನು ಆನ್‌ಲೈನಿನಲ್ಲಿ ಹಾಕಿ ನನ್ನನ್ನು ಟ್ಯಾಗ್ ಮಾಡಿದ್ದಳು. ಎಲ್ಲವೂ ನೋಟ್‌ಬುಕ್ಕಿನಲ್ಲಿದ್ದ ಜಾಗಗಳೇ. ಆಂಟಿ ನೋಡಿದ್ದರು. ಶಾಲು ವಾಪಸ್ಸು ಕೊಡಲು ಹೋದಾಗ ಬಾಗಿಲಲ್ಲೇ ನಿಂತು ಕೇಳಿದರು:

"ಎಲೆ ಕೆಂಪಾಗಿತ್ತಾ?"

"ಹೂಂ, ಆಂಟಿ."

"ಕೇಳಿದ್ರೆ ಬುಕ್ಕೇ ಕೊಡ್ತಿದ್ನಲ್ಲಮ್ಮ."

ಶಾಲು ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಆಮೇಲೂ ಲಿಫ್ಟಿನಲ್ಲಿ ಸಿಕ್ಕರೆ "ಊಟ ಆಯ್ತಾ?" ಎನ್ನುತ್ತಿದ್ದರು, ಅಷ್ಟೇ. ಮಂಡಿಯ ಆಪರೇಷನ್ ಆದಾಗ ನಾನು ಆಸ್ಪತ್ರೆಗೂ ಹೋಗಲಿಲ್ಲ. ಮುಖ ತೋರಿಸುವ ಧೈರ್ಯವಿರಲಿಲ್ಲ. ನಾನು ಕ್ಯೋಟೋದಿಂದ ಬಂದ ಒಂದು ವರ್ಷಕ್ಕೆ ಅವರು ಮೈಸೂರಿಗೆ ಶಿಫ್ಟ್ ಆದರು. ಹೋದ ವರ್ಷ ಅಲ್ಲೇ ತೀರಿಕೊಂಡರಂತೆ. ಕ್ಯೋಟೋಗೆ ಹೋಗಲೇ ಇಲ್ಲವಂತೆ. ದೀಪಾವಳಿಯ ಊಟದಲ್ಲಿ ಯಾರೋ ಮಾತಿನ ನಡುವೆ ಹೇಳಿದರು.

ನಾನೀಗಲೂ ಅದೇ ಮನೆಯಲ್ಲಿದ್ದೇನೆ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಆ ಒಂದು ವರ್ಷವೂ ನಮ್ಮಿಬ್ಬರ ಬಾಗಿಲುಗಳ ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ತಪ್ಪಾಯಿತು ಎಂದಿದ್ದರೆ ಆಂಟಿ ಕ್ಷಮಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.