ಜಯಮ್ಮನ ಎದುರಿಗೆ ಮುಷ್ಟಿ ಬಲ

ವಯಸ್ಸಾದಂತೆ ಗಂಡಸರ, ಹೆಂಗಸರ ಕೈಯ ಸ್ನಾಯುಗಳು ಹೇಗೆ ಸೊರಗುತ್ತವೆ ಎಂದು ಹೋಲಿಸಿ ನೋಡುವುದು ನನ್ನ ಕೆಲಸ. ಅದಕ್ಕಾಗಿ ಹಲಸೂರಿನ ಹಿರಿಯರ ಹಗಲು ಕೇಂದ್ರಕ್ಕೆ ಮುಷ್ಟಿಯ ಬಲ ಅಳೆಯುವ ಯಂತ್ರ ಹಿಡಿದು ವಾರವಾರ ಹೋಗುತ್ತಿದ್ದೆ.

ಅಲ್ಲಿಗೆ ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದ ಮುನಿಯಪ್ಪ, ಜಯಮ್ಮ ದಂಪತಿ ಈ ವಯಸ್ಸಿನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದರು. ಎಲ್ಲದರಲ್ಲೂ ಗಂಡನೇ ಗೆಲ್ಲಬೇಕು ಅನ್ನುವುದು ಜಯಮ್ಮನ ದೂರು. ರಾಜಿ ಮಾಡಿಸುವ ವಕೀಲರು ಎಷ್ಟು ಕರೆದರೂ ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಿರಲಿಲ್ಲ.

ಒಂದು ದಿನ ಯಂತ್ರ ಹಿಂಡಿದ ಜಯಮ್ಮ ಕೇಳಿದರು, "ನಮ್ಮನೆಯವರದು ಎಷ್ಟು ಬಂತಮ್ಮಾ?"

"ಒಬ್ಬರದು ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ಆಂಟಿ. ರೂಲ್ಸು."

"ಹಾಗಾದ್ರೆ ನನ್ನೆದುರಿಗೇ ಹಿಂಡ್ಲಿ. ಫೋನ್ ಮಾಡು, ಬರೋಕೆ ಹೇಳು."

ಮುನಿಯಪ್ಪ ಮರ್ಫಿ ಟೌನಿನಿಂದ ಆಟೋದಲ್ಲಿ ಬಂದೇಬಿಟ್ಟರು. ಶರ್ಟು ಗರಿಗರಿಯಾಗಿ ಇಸ್ತ್ರಿಯಾಗಿತ್ತು.

"ಏನೇ, ಮುದ್ದೆ ತಿರುವಿದ ಕೈ ಅಂತ ಜಂಬಾನಾ?"

"ಹೂಂ ರೀ. ನಿಮಗೇ ತಿರುವಿದ್ದು. ಹಿಂಡಿ ನೋಡೋಣ."

ಮುನಿಯಪ್ಪ ಹಲ್ಲು ಕಚ್ಚಿ, ಮುಖ ಕೆಂಪು ಮಾಡಿಕೊಂಡು ಹಿಂಡಿದರು. ಮುಳ್ಳು ಜಯಮ್ಮನ ಅಂಕಿಗಿಂತ ಸ್ವಲ್ಪ ಕೆಳಗೆ ನಿಂತಿತು.

"ಸೋತ್ರಾ!" ಜಯಮ್ಮ ಚಪ್ಪಾಳೆ ತಟ್ಟಿ ನಕ್ಕರು.

"ನಿಂದೇ ಗೆಲುವು ಕಣೇ," ಎಂದ ಮುನಿಯಪ್ಪ ನನ್ನ ಕಡೆ ನೋಡಿದರು.

ಹಿಂದಿನ ವಾರ ಅದೇ ಕೈ ಮುಳ್ಳನ್ನು ಎಷ್ಟು ಮೇಲಕ್ಕೆ ಓಡಿಸಿತ್ತೆಂದು ನನಗೆ ಗೊತ್ತಿತ್ತು. ರೂಲ್ಸಿನ ಪ್ರಕಾರ ಸುಮ್ಮನಿದ್ದೆ. ಗೆದ್ದ ಖುಷಿಗೆ ಜಯಮ್ಮನೇ ಅವರನ್ನು ಕಾಫಿಗೆ ಕರೆದೊಯ್ದರು.

ಅರ್ಜಿ ವಾಪಸ್ಸಾಗಿದೆ. ಈಗ ಇಬ್ಬರೂ ಒಟ್ಟಿಗೇ ಬರುತ್ತಾರೆ. ಹಾಗಾಗಿ ನನ್ನ ಅಧ್ಯಯನಕ್ಕೆ ಮುನಿಯಪ್ಪನವರ ಸರಿಯಾದ ಅಳತೆ ಆಮೇಲೆ ಒಂದೂ ಸಿಕ್ಕಿಲ್ಲ.