ಬೇವಿನ ನೆರಳಿನ ಸೀತಾಳೆ

ನಮ್ಮ ಹಿತ್ತಲಲ್ಲಿ ಸೀತಾಳೆ ಹೂಬಿಟ್ಟಿದೆ! ನವಲಗುಂದದ ಈ ಒಣಗಾಳಿಯಲ್ಲಿ, ಬೇವಿನ ನೆರಳಲ್ಲಿ, ಗೇಣುದ್ದದ ಗೊಂಚಲು ಜಡೆಯಂತೆ ಜೋತುಬಿದ್ದಿದೆ. ಬಿಳಿ ಹೂವು, ಮೇಲೆ ನೇರಳೆ ಚುಕ್ಕಿ. ಪಟ್ಟಣದವರು ಆರ್ಕಿಡ್ ಅನ್ನುತ್ತಾರಲ್ಲ, ಅದೇ. ಮೊಮ್ಮಗಳನ್ನು ಎತ್ತಿ ತೋರಿಸಿ ತೋರಿಸಿ ನನ್ನ ಸೊಂಟ ಹಿಡಿದಿದೆ.

ಗಿಡ ಸೊಸೆಯದು. ದೇವಿಕೊಪ್ಪದ ತವರಿನ ಮಾವಿನ ಮರ ಗಾಳಿಗೆ ಉರುಳಿದಾಗ, ಕೊಂಬೆಗೆ ಅಂಟಿದ್ದ ಇದನ್ನು ತೊಗಟೆ ಸಮೇತ ತಂದು ಇಲ್ಲಿ ತೂಗುಹಾಕಿದ್ದಳು. ಅವಳ ಅವ್ವ ಆ ಮರದಲ್ಲಿ ಬಿಟ್ಟ ಸೀತಾಳೆ ಹೂವನ್ನೇ ಅವಳ ಜಡೆಗೆ ಮುಡಿಸುತ್ತಿದ್ದಳಂತೆ. ಈಗ ಅವ್ವನೂ ಇಲ್ಲ, ಮರವೂ ಇಲ್ಲ.

ನನಗಂತೂ ಕೈಕಾಲೇ ಆಡುತ್ತಿರಲಿಲ್ಲ. ಎರೆಮಣ್ಣಿನ ಹೊಲದಲ್ಲಿ ಬೆಳೆದವಳು ನಾನು; ಬೇರು ಗಾಳಿಯಲ್ಲಿ ನೇತಾಡುವುದನ್ನು ಹೇಗೆ ನೋಡಲಿ? ಹಿಡಿ ಮಣ್ಣು ಒಯ್ದರೆ, "ಅತ್ತೀ, ಮಣ್ಣು ಹಾಕಬ್ಯಾಡ್ರಿ, ಕೊಳಿತೈತಿ," ಎನ್ನುತ್ತಿದ್ದಳು. ಬೇಸಗೆಯಲ್ಲಿ ಎಲೆ ಸುಕ್ಕುಗಟ್ಟಿದಾಗ ನೀರು ಚಿಮುಕಿಸಿ ಸುಮ್ಮನೆ ನೋಡುತ್ತ ಕೂರುವುದೇ ನನ್ನ ಕೆಲಸ.

ಹೂವು ಬಂತು, ಸಂಕಟವೂ ಬಂತು. ಯಾವ ಗಿಡದ್ದೇ ಇರಲಿ, ಮೊದಲ ಹೂವು ನಮ್ಮ ಯಜಮಾನರ ಲಿಂಗಪೂಜೆಗೆ. ಇಲ್ಲಿ ಇರುವುದೇ ಒಂದು ಗೊಂಚಲು. ಬೇಡವೆಂದು ಸೊಸೆ ಹೇಳಲಾರಳು. ದೇವರ ವಿಷಯ, ನಾನಾದರೂ ಇವರಿಗೆ ಯಾವ ಬಾಯಿಂದ ಹೇಳಲಿ?

ಸಂಜೆ ಸ್ನಾನ ಮಾಡಿ ಇವರು ಹೂಬುಟ್ಟಿ ಹಿಡಿದು ಬಂದೇಬಿಟ್ಟರು. ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಮಾಮಾರೀ, ನಾನ ಹರದು ಕೊಡ್ತೀನ್ರಿ."

ಕೈ ತೊಳೆದು ಗೊಂಚಲು ಹಿಡಿದಳು. ಹಿಡಿದ ಕೈ ಹಾಗೇ ನಿಂತಿತು. ಕಣ್ಣು ತುಂಬಿದ್ದವು.

ಇವರು ಅವಳನ್ನೇ ನೋಡಿದರು. ಬುಟ್ಟಿ ನನ್ನ ಕೈಗಿಟ್ಟು, "ಏ, ಕುಂದ್ರೂ ಮಣಿ ಇಲ್ಲೇ ತಗೊಂಡ ಬಾ," ಎಂದರು.

"ಹಿತ್ತಲದಾಗ ಪೂಜಿ ಏನ್ರಿ?"

"ಲಿಂಗ ನನ್ನ ಕೊರಳಾಗ ಐತಿ. ನಾ ಎಲ್ಲಿ ಕುಂತರೂ ಅಲ್ಲೇ ಪೂಜಿ." ಸೊಸೆಯ ಕಡೆ ತಿರುಗಿದರು. "ಬಿಡು ತಂಗಿ, ಹೂ ಗಿಡದಾಗ ಇರಲಿ."

ಮಣೆ ತಂದಿಟ್ಟೆ. ಕೊರಳಿನ ಲಿಂಗ ಅಂಗೈಗಿಟ್ಟುಕೊಂಡು, ಗೊಂಚಲಿನ ಕೆಳಗೇ ಕಣ್ಣು ಮುಚ್ಚಿದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಕೇಳಿಸಿತು.

ಹೊಲದಿಂದ ಮಗ ಬಂದ ಮೇಲೆ ಹಿತ್ತಲಲ್ಲೇ ಚಾಪೆ ಹಾಸಿ ಎಲ್ಲರೂ ಊಟಕ್ಕೆ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಗೋಧಿ ಹುಗ್ಗಿ.

"ಅಜ್ಜಾ, ಪೂಜಿ ಮಾಡುವಾಗ ಸೊಳ್ಳಿ ಕಡೀಲಿಲ್ಲೇನು?" ಮೊಮ್ಮಗಳು ಕೇಳಿದಳು.

"ಕಡದ್ವು ಬೇ. ಅವಕ್ಕೂ ಪ್ರಸಾದ ಬೇಕಲ್ಲ!"

ಸೊಸೆ ನಗುತ್ತ ಇವರ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಬಡಿಸಿದಳು.