ಮೇಲಿನಂತೆ ಎಂಬ ಮಾತಿನ ಸೇಡು

ನನ್ನ ನಾದಿನಿಯನ್ನು ಮನೆಯವರೆಲ್ಲ ಟಕಟಕಿ ಎಂದೇ ಕರೆಯುತ್ತಿದ್ದೆವು. ಕರೆಂಟು ಕಂಪನಿಯಲ್ಲಿ ಟೈಪಿಸ್ಟಾಗಿದ್ದಳು. ಊಟಕ್ಕೆ ಕೂತರೂ ಅವಳ ಎಡಗೈ ಬೆರಳುಗಳು ಮೇಜಿನ ಮೇಲೆ ಟಕಟಕ ಎನ್ನುತ್ತಿದ್ದವು. ಮೆಷಿನ್ನು ಕೊಳ್ಳುವ ಶಕ್ತಿ ಇಲ್ಲದ ಕಾಲದಲ್ಲಿ ಅವಳ ಅಣ್ಣ, ಅಂದರೆ ನನ್ನ ಗಂಡ, ರಟ್ಟಿನ ಮೇಲೆ ಅಕ್ಷರದ ಚೌಕಗಳನ್ನು ಬರೆದುಕೊಟ್ಟಿದ್ದರಂತೆ. ಆ ರಟ್ಟಿನ ಮೇಲೆಯೇ ಬೆರಳು ಪಳಗಿಸಿ ಪರೀಕ್ಷೆ ಗೆದ್ದವಳು. ಮದುವೆ ಯಾಕೆ ಬೇಡವೆಂದು ಕೇಳಿದರೆ, ಆಫೀಸಿನಲ್ಲಿ ಒಬ್ಬರು ಹೇಳಿದ್ದನ್ನು ಹೊಡೆಯುವುದೇ ಸಾಕಾಗಿದೆ, ಮನೆಯಲ್ಲೂ ಇನ್ನೊಬ್ಬರು ಯಾಕೆ ಎನ್ನುತ್ತಿದ್ದಳು.

ನನ್ನ ಗಂಡ ಅದೇ ಕಂಪನಿಯ ಲೈನ್‌ಮನ್. ಕಂಬ ಹತ್ತುವವರ ಸೊಂಟದ ಬೆಲ್ಟುಗಳು ಹಳೆಯವಾಗಿದ್ದವು. ಹೊಸದು ಕೊಡಿ ಎಂದು ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟರು. ದುಡ್ಡಿನ ಕೀಲಿಕೈ ಇದ್ದದ್ದು ದರ ವಿಭಾಗದ ಸಾಹೇಬನ ಹತ್ತಿರ. "ಈ ವರ್ಷ ಹಣವಿಲ್ಲ" ಎಂದು ಹಸಿರು ಇಂಕಿನಲ್ಲಿ ಗೀಚಿ ವಾಪಸು ಕಳಿಸಿದ. ಮೂರು ವಾರ ಕಳೆಯುವುದರೊಳಗೆ ಕಂಬದ ತುದಿಯಲ್ಲಿ ಬೆಲ್ಟಿನ ಕೊಂಡಿ ಕಿತ್ತು ಇವರು ಕೆಳಗೆ ಬಿದ್ದರು. ಆಸ್ಪತ್ರೆಯವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಹದಿನೈದು ದಿನಕ್ಕೆ ಕಂಪನಿಯಿಂದ ಕಾಗದ ಬಂತು. ಸಾವಿಗೆ ನೌಕರನ ಸ್ವಂತ ಅಜಾಗರೂಕತೆಯೇ ಕಾರಣ ಎಂದಿತ್ತು. ಹೇಳಿ ಬರೆಸಿದವನು ಅದೇ ಸಾಹೇಬ. ಟೈಪು ಹೊಡೆದವಳು ಟಕಟಕಿ. ಒಂದಕ್ಷರ ತಪ್ಪಿರಲಿಲ್ಲ.

"ಕೈ ಹೇಗೆ ಬಂತೇ ನಿಂಗೆ?" ಎಂದು ಕೇಳಿದೆ.

"ತಪ್ಪಿದ್ರೆ ಇನ್ನೊಂದ್ ಸಲ ಹೊಡಿಸ್ತಿದ್ರು ಅತ್ತಿಗೆ. ಎರಡನೇ ಸಲ ನನ್ ಕೈಲಿ ಆಗ್ತಿರ್ಲಿಲ್ಲ."

ಆ ಉತ್ತರ ನನಗೆ ಹಿಡಿಸಲಿಲ್ಲ. ಅವಳ ಸಂಬಳದಲ್ಲಿ ಉಣ್ಣುತ್ತಲೇ ಅವಳನ್ನು ಚುಚ್ಚುತ್ತಿದ್ದೆ. ನನಗೆ ಬೇಕಾಗಿದ್ದದ್ದು ಎರಡೇ. ಇವರ ಹೆಸರಿನ ಮುಂದೆ ಕೂತಿದ್ದ ಆ ಸುಳ್ಳು ಅಳಿಯಬೇಕು, ಹೇಳಿದವನ ಬಾಯಿ ಮಣ್ಣು ಮುಕ್ಕಬೇಕು. ಟಕಟಕಿ ಮಾತ್ರ ಒಂಬತ್ತು ವರ್ಷ ಅದೇ ಸಾಹೇಬನ ಎದುರು ಕೂತು, ಅವನು ಬರೆದುಕೊಟ್ಟಿದ್ದನ್ನು ಹೊಡೆದಳು. ಇವಳ ಮೈಯಲ್ಲಿ ಹರಿಯುವುದು ರಕ್ತವೋ ಇಂಕೋ ಎಂದುಕೊಳ್ಳುತ್ತಿದ್ದೆ.

ಕರೆಂಟಿನ ದರ ಏರಿಸಬೇಕಾದರೆ ಕಂಪನಿಯವರು ಸರ್ಕಾರದ ದರ ಮಂಡಳಿಯ ಮುಂದೆ ವಾದ ಮಾಡಬೇಕು. ವಾದಕ್ಕೆ ದೊಡ್ಡ ವಕೀಲರು, ತಜ್ಞರು, ಅವರಿಗೆ ಹೋಟೆಲು, ಊಟ. ಆ ಖರ್ಚೆಲ್ಲ ಮತ್ತೆ ನಮ್ಮ ಬಿಲ್ಲಿಗೇ ಬರುತ್ತದೆ. ನಮ್ಮ ಬೆನ್ನಿಗೆ ಬೀಳುವ ಬೆತ್ತಕ್ಕೆ ನಾವೇ ಎಣ್ಣೆ ಹಚ್ಚಿಕೊಟ್ಟ ಹಾಗೆ. ಜನ ಗಲಾಟೆ ಮಾಡಿದ ಮೇಲೆ ಮಂಡಳಿ ಒಂದು ನಿಯಮ ಮಾಡಿತು: ಆ ಖರ್ಚಿನ ಪಟ್ಟಿಯನ್ನು ವರ್ಷಕ್ಕೊಮ್ಮೆ ಬಿಲ್ಲು ಕಟ್ಟುವ ಕೌಂಟರಿನ ಗೋಡೆಗೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು.

ಸಾಹೇಬ ಅಂಟಿಸಿದ. ಮೊದಲ ಸಾಲಿನಲ್ಲಿ ವಕೀಲರ ಫೀಸು ಇಷ್ಟು ಎಂದಿತ್ತು. ಕೆಳಗೆ ತಜ್ಞರ ಸಲಹೆ: ಮೇಲಿನಂತೆ. ಹೋಟೆಲು: ಮೇಲಿನಂತೆ. ಊಟ, ಓಡಾಟ, ಮುದ್ರಣ: ಎಲ್ಲವೂ ಮೇಲಿನಂತೆ. ಎಲ್ಲ ಆ ಮೇಲಿನ ಮೊತ್ತದಲ್ಲೇ ಸೇರಿದೆ ಎಂದುಕೊಂಡು ಜನ ಓದಿ ಹೋಗುತ್ತಿದ್ದರು.

ಟಕಟಕಿ ನಿವೃತ್ತಳಾದ ಮರುದಿನ ಬೆಳಿಗ್ಗೆ ನನ್ನನ್ನು ಎದುರು ಕೂರಿಸಿಕೊಂಡಳು. ಒಳಗಿನ ಲೆಕ್ಕವನ್ನು ಹೊಡೆದವಳೂ ಅವಳೇ. ಅದರಲ್ಲಿ ಹೋಟೆಲಿಗೆ ಬೇರೆ, ಊಟಕ್ಕೆ ಬೇರೆ, ಪ್ರತಿಯೊಂದಕ್ಕೂ ಬೇರೆ ಬೇರೆ ಹಣ ಹಾಕಿ ಬಿಲ್ಲಿಗೆ ಏರಿಸಿದ್ದರು. ಮಂಡಳಿಗೆ ಕೊಟ್ಟ ಕಟ್ಟಿನ ನಲವತ್ತೊಂದನೇ ಪುಟದಲ್ಲಿ ಅದಿದೆ, ಯಾರೂ ಅಲ್ಲಿಯವರೆಗೆ ಓದುವುದಿಲ್ಲ ಎಂದಳು. ಬಿಲ್ಲು ಕಟ್ಟುವ ಯಾರು ಬೇಕಾದರೂ ಮಂಡಳಿಯ ಸಭೆಯಲ್ಲಿ ಪ್ರಶ್ನೆ ಕೇಳಬಹುದಿತ್ತು.

"ನೀನೇ ಕೇಳೇ, ಓದಿದವಳು," ಎಂದೆ.

"ನಾನ್ ಕೇಳಿದ್ರೆ ಹುಷಾರಾಗ್ತಾನೆ. ನೀವು ಕೇಳಿದ್ರೆ ಪಾಠ ಹೇಳ್ತಾನೆ."

ಸಭೆಯ ದಿನ ಕೈ ಎತ್ತಿದೆ. ಮಂಡಳಿಯ ಅಧ್ಯಕ್ಷೆ ಕೇಳಮ್ಮ ಎಂದರು.

"ನಾನು ಮೂರನೇ ಕ್ಲಾಸು. ಗೋಡೆ ಮೇಲಿನ ಪಟ್ಟೀಲಿ ಮೇಲಿನಂತೆ ಮೇಲಿನಂತೆ ಅಂತ ಇದೆಯಲ್ಲ ಸಾಹೇಬ್ರೆ, ಹಂಗಂದ್ರೇನು?"

ಸಭೆ ನಕ್ಕಿತು. ಸಾಹೇಬನೂ ನಕ್ಕ. "ಮೇಲಿನ ಹಣದಲ್ಲೇ ಇದೂ ಸೇರಿದೆ ಅಂತ ಅರ್ಥ, ಅಜ್ಜಿ. ಬೇರೆ ದುಡ್ಡು ತಗೊಂಡಿಲ್ಲ."

"ಬರ್ಕೊಂಡ್ರಾ ಅಮ್ಮಾ?" ಎಂದು ಅಧ್ಯಕ್ಷೆಯನ್ನು ಕೇಳಿದೆ. ಬರೆದುಕೊಂಡಿದ್ದರು. "ಹಾಗಾದ್ರೆ ನಲವತ್ತೊಂದನೇ ಪುಟದಲ್ಲಿ ಊಟಕ್ಕೆ ಬೇರೆ, ಹೋಟೆಲಿಗೆ ಬೇರೆ ಅಂತ ನಮ್ ಹತ್ರ ಯಾಕೆ ತಗೊಂಡ್ರಿ?"

ಅಧ್ಯಕ್ಷೆ ಪುಟ ತಿರುವಿದರು. ಆಮೇಲೆ ಅವನ ಮುಖ ನೋಡಿದರು. ಮೂಗು ಹಿಡಿದರೆ ಬಾಯಿ ಬಿಡುತ್ತದೆ ಎನ್ನುತ್ತಾರೆ. ಅವನ ಬಾಯಿ ಬಿಟ್ಟೇ ಇತ್ತು. ಮುಂದಿನ ವಾರ ವಿಚಾರಣೆ ಎಂದರು.

ಮರುದಿನವೇ ಸಾಹೇಬ ನಮ್ಮ ಮನೆಗೆ ಬಂದ. ಮುರುಕು ಕುರ್ಚಿಯಲ್ಲಿ ಅರ್ಧ ಕೂತು, ಪಟ್ಟಿಯ ಆ ಮೇಲಿನಂತೆ ನಿನ್ನ ಟೈಪಿಂಗ್ ತಪ್ಪು ಎಂದು ಒಪ್ಪಿಕೊಂಡುಬಿಡು, ಹೇಗೂ ನಿವೃತ್ತಳಾಗಿದ್ದೀಯ, ಯಾರೂ ಏನೂ ಮಾಡುವುದಿಲ್ಲ ಎಂದು ಟಕಟಕಿಗೆ ಹೇಳಿದ. ನಿನ್ನ ಅಣ್ಣನ ಕಾಗದವನ್ನೂ ಸರಿಮಾಡಿಸುತ್ತೇನೆ ಎಂದ. ಒಂಬತ್ತು ವರ್ಷ ಆಗದ್ದು ಒಂದು ದಿನದಲ್ಲಿ ಆಗುತ್ತದಂತೆ.

"ಮೊದ್ಲು ಕಾಗದ ತನ್ನಿ ಸರ್, ನೋಡೋಣ," ಎಂದಳು.

ನನ್ನ ಮೈ ಉರಿದುಹೋಯಿತು. ಕೊನೆಗೂ ಇವಳು ಅವನ ಟೈಪಿಸ್ಟೇ ಎಂದುಕೊಂಡೆ.

ಎರಡು ದಿನಕ್ಕೆ ಸೀಲು ಹಾಕಿದ ಕಾಗದ ತಂದ. ಬೆಲ್ಟಿನ ದೋಷದಿಂದ ಅಪಘಾತವಾಯಿತು, ನೌಕರನ ತಪ್ಪೇನೂ ಇರಲಿಲ್ಲ, ಹಿಂದಿನ ಪತ್ರ ರದ್ದಾಗಿದೆ ಎಂದಿತ್ತು. ಅಕ್ಷರ ಕೂಡಿಸಿ ಕೂಡಿಸಿ ಮೂರು ಸಲ ಓದಿದೆ. ಅವನು ಹೋದ ಮೇಲೆ ಟಕಟಕಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದಳು. ಒಂಬತ್ತು ವರ್ಷ ಅವನು ಕೈಯಾರೆ ಬರೆದುಕೊಟ್ಟ ಕರಡುಗಳು ಅದರಲ್ಲಿದ್ದವು. ಟೈಪು ಮುಗಿದ ಮೇಲೆ ಕಸದ ಬುಟ್ಟಿಗೆ ಹಾಕಬೇಕಾದದ್ದನ್ನು ವರ್ಷದ ಪ್ರಕಾರ ಪಿನ್ನು ಹೊಡೆದು ಇಟ್ಟಿದ್ದಳು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ವಿಚಾರಣೆಯಲ್ಲಿ ಟೈಪಿಂಗ್ ತಪ್ಪೇ ಎಂದು ಅಧ್ಯಕ್ಷೆ ಟಕಟಕಿಯನ್ನು ಕೇಳಿದರು. ಸಾಹೇಬ ಅವಳ ಕಡೆ ನೋಡಿ ತಲೆ ಆಡಿಸಿದ.

"ಟೈಪಿಂಗಲ್ಲಿ ತಪ್ಪಿಲ್ಲ ಮೇಡಂ. ತಾಳೆ ನೋಡಿ," ಎಂದು ಟಕಟಕಿ ಕಟ್ಟನ್ನು ಮುಂದಿಟ್ಟಳು. ಪುಟಪುಟಕ್ಕೂ ಹಸಿರು ಇಂಕು. ಒಂದು ಕಡೆ ಊಟದ ಮೊತ್ತ ಹೊಡೆದುಹಾಕಿ "ಮೇಲಿನಂತೆ" ಎಂದು ತಿದ್ದಿ, ಕೆಳಗೆ ತನ್ನ ಸಹಿಯನ್ನೂ ಹಾಕಿಕೊಂಡಿದ್ದ.

ಅವನ ಕೆಲಸ ಹೋಯಿತು. ಎಲ್ಲರ ಬಿಲ್ಲಿನಲ್ಲೂ ಸ್ವಲ್ಪ ಇಳಿಯಿತು. ಅವನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಇನ್ನಾದರೂ ಅವನನ್ನು ಶಪಿಸುವುದು ಬಿಡು ಎಂದು ನೆರೆಯವರು ಹೇಳಿದರು. ಅವಳಿಗೆ ಗಂಡನಿದ್ದಾನಲ್ಲ ಎಂದೆ.

ಹೋದ ತಿಂಗಳು ಬಿಲ್ಲು ಕಟ್ಟಲು ಹೋದಾಗ ಸಾಲಿನಲ್ಲಿ ಅವನೂ ನಿಂತಿದ್ದ. ತಲೆ ಪೂರ್ತಿ ಬಿಳಿಯಾಗಿತ್ತು. ನಮ್ಮ ಬಿಲ್ಲು ಆಗಲೇ ಕಟ್ಟಿಯಾಗಿತ್ತು. ಟಕಟಕಿ ನನ್ನ ತೋಳು ಹಿಡಿದು, "ಬನ್ನಿ ಅತ್ತಿಗೆ, ಸಾಕು," ಎಂದಳು. ಅವಳನ್ನು ಮುಂದೆ ಕಳಿಸಿ ನಾನು ಗೋಡೆಗೊರಗಿ ನಿಂತೆ. ಅವನ ಸರದಿ ಬಂತು. ಕೌಂಟರಿನ ಹೊಸ ಹುಡುಗಿಗೆ ಅವನು ಯಾರೆಂದು ತಿಳಿಯದು. ಹೆಸರು ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಜೋರಾಗಿ ಹೇಳಿ ಎಂದಳು. ಅವನು ಹೇಳಿದ. ಅದನ್ನು ಕೇಳಿಸಿಕೊಂಡೇ ಮನೆಗೆ ಹೊರಟೆ.